ಅಪರಿಚಿತರ ಜೊತೆ ವಿಡಿಯೋ ಚಾಟ್: ಪದೇ ಪದೇ ಕೇಳುವ ಪ್ರಶ್ನೆಗಳು

ಗುರುತೇ ಇಲ್ಲದವರ ಜೊತೆ ವಿಡಿಯೋದಲ್ಲಿ ಮಾತಾಡುವವರು ಬೇರೆ ಬೇರೆ ಥರದವರು ಇದ್ದಾರೆ. ಭಾಷೆ ಕಲಿಯಲು ಜೊತೆಗಾರರನ್ನು ಹುಡುಕುವವರು, ಸೈಟ್ ತಾನಾಗಿ ಯಾರನ್ನಾದರೂ ಜೋಡಿಸಿ, ‘ನೆಕ್ಸ್ಟ್’ ಒತ್ತಿದರೆ ಬೇರೊಬ್ಬರನ್ನು ತರುವ ರ‍್ಯಾಂಡಮ್ ಚಾಟ್‌ನಲ್ಲಿ ಹೊತ್ತು ಕಳೆಯುವವರು, ಒಬ್ಬರೇ ಇದ್ದು ಬೇಜಾರಾಗಿ ಮಾತು ಬೇಕಾದವರು. ಕೇಳುವ ಪ್ರಶ್ನೆಗಳು ಮಾತ್ರ ಹೆಚ್ಚುಕಮ್ಮಿ ಒಂದೇ. ಉತ್ತರ ಬರೆಯುವಾಗ ನಾನು ಎರಡು ವಿಷಯ ತಲೆಯಲ್ಲಿಟ್ಟುಕೊಂಡಿದ್ದೇನೆ: ಈ ಕಡೆ ಏನು ನಡೆಯುತ್ತಿದೆ ಅಂತ ಆ ಕಡೆಯವರಿಗೆ ಗೊತ್ತಿರಬೇಕು, ಮತ್ತು ಸಾಕು ಅನ್ನಿಸಿದಾಗ ಅವರು ನೆಮ್ಮದಿಯಾಗಿ ಎದ್ದು ಹೋಗುವಂತಿರಬೇಕು. ಮಿಕ್ಕಿದ್ದೆಲ್ಲ ಇವೆರಡರಿಂದಲೇ ಬರುತ್ತದೆ.

## ಹೆಸರೂ ಗೊತ್ತಿಲ್ಲ, ಮತ್ತೆ ಸಿಗುವುದೂ ಇಲ್ಲ. ಅಂಥವರ ಹತ್ತಿರ ಮರ್ಯಾದೆ ಯಾಕೆ?

ಮತ್ತೆ ಸಿಗುವುದಿಲ್ಲ, ಅದಕ್ಕೇ. ಪರಿಚಯದವರ ಹತ್ತಿರ ಒಂದು ಮಾತು ತಪ್ಪಾಗಿ ಬಂದರೆ ನಾಳೆ ಸರಿ ಮಾಡಿಕೊಳ್ಳಬಹುದು. ಇಲ್ಲಿ ನಾಳೆ ಇಲ್ಲ. ಯಾರದೋ ಮುಖ ನೋಡಿ ಸುಮ್ನೆ ತಮಾಷೆಗೆ ಅಂತ ಒಂದು ಮಾತು ಅಂದು ಕರೆ ಕಟ್ ಮಾಡಿದರೆ ನಿಮ್ಮ ಪಾಲಿಗೆ ಅದು ಅಲ್ಲಿಗೆ ಮುಗಿಯಿತು, ಆದರೆ ಅವರು ಆ ಮಾತನ್ನು ಹಿಡಿದುಕೊಂಡೇ ರಾತ್ರಿ ಮಲಗಬೇಕು. ಕ್ಷಮೆ ಕೇಳೋಣ ಅಂದರೂ ನಿಮಗೆ ದಾರಿಯಿಲ್ಲ. ಇನ್ನೊಂದು ವಿಷಯ, ತೆರೆಯ ಮೇಲೆ ಒಂದರ ಹಿಂದೆ ಒಂದು ಮುಖ ಬರುತ್ತಾ ಹೋದಾಗ ಅವೆಲ್ಲ ಬರೀ ಚಿತ್ರ ಅನ್ನಿಸಲು ಶುರುವಾಗುತ್ತದೆ. ಹಾಗೆ ಅನ್ನಿಸಿದ ದಿನ ಚಾಟ್ ಮುಚ್ಚಿ ಬೇರೆ ಕೆಲಸ ನೋಡುವುದು ಒಳ್ಳೆಯದು.

## ಕರೆ ಶುರುವಾಗುವ ಮುಂಚೆ ಏನೇನು ನೋಡಿಕೊಳ್ಳಬೇಕು?

ಮುಖ ಕಾಣಬೇಕು, ಮಾತು ಕೇಳಬೇಕು. ದುಬಾರಿ ಕ್ಯಾಮೆರಾ ಏನೂ ಬೇಡ. ಕಿಟಕಿಗೆ ಬೆನ್ನು ಹಾಕಿ ಕೂತರೆ ಕ್ಯಾಮೆರಾ ಹಿಂದಿನ ಬೆಳಕಿಗೆ ಹೊಂದಿಕೊಂಡುಬಿಡುತ್ತದೆ, ನಿಮ್ಮ ಮುಖ ಕಪ್ಪಾಗುತ್ತದೆ. ಹಾಗಾಗಿ ಕಿಟಕಿಯೋ ದೀಪವೋ ನಿಮ್ಮ ಎದುರಿಗೆ ಇರಲಿ. ಕತ್ತಲೆ ಕೋಣೆಯಲ್ಲಿ ಕೂತು ‘ಹಲೋ’ ಅನ್ನುವ ಅಪರಿಚಿತರನ್ನು ಕಂಡರೆ ಯಾರಿಗಾದರೂ ಅಳುಕಾಗುತ್ತದೆ ಅಲ್ವಾ? ಫೋನನ್ನು ಕೈಯಲ್ಲಿ ಹಿಡಿದು ಅಲ್ಲಾಡಿಸುವ ಬದಲು ಕಣ್ಣಿನ ಮಟ್ಟದಲ್ಲಿ ಎಲ್ಲಾದರೂ ಒರಗಿಸಿ ಇಡಿ.

ಇಯರ್‌ಫೋನ್ ಹಾಕಿಕೊಳ್ಳಿ. ಸ್ಪೀಕರ್‌ನಿಂದ ಬರುವ ಅವರ ದನಿ ನಿಮ್ಮ ಮೈಕ್‌ಗೆ ಹೊಕ್ಕು ಅವರಿಗೇ ವಾಪಸ್ ಹೋಗುತ್ತದೆ. ತಮ್ಮ ಮಾತು ತಮಗೇ ತಡವಾಗಿ ಕೇಳಿಸುತ್ತಿದ್ದರೆ ಯಾರಿಗೂ ಸರಿಯಾಗಿ ಮಾತಾಡಲು ಆಗುವುದಿಲ್ಲ. ಆ ಪ್ರತಿಧ್ವನಿ ನಿಮಗೆ ಕೇಳುವುದೂ ಇಲ್ಲ, ಕಷ್ಟ ಪೂರ್ತಿ ಅವರದು. ನೀವು ಇಯರ್‌ಫೋನ್ ಹಾಕಿಕೊಂಡರೆ ಅವರು ಹೇಳುವುದು ನಿಮ್ಮ ಕೋಣೆಯಲ್ಲಿ ಓಡಾಡುವವರ ಕಿವಿಗೂ ಬೀಳುವುದಿಲ್ಲ.

ಆಮೇಲೆ ನಿಮ್ಮ ಹಿಂದೆ ಏನು ಕಾಣುತ್ತಿದೆ ನೋಡಿ. ಗೋಡೆಯ ಮೇಲಿನ ಸರ್ಟಿಫಿಕೇಟ್, ವಿಳಾಸ ಇರುವ ಪಾರ್ಸಲ್ ಡಬ್ಬ, ಕುತ್ತಿಗೆಯಲ್ಲೇ ಉಳಿದ ಐಡಿ ಕಾರ್ಡ್, ಕಿಟಕಿಯಾಚೆ ಕಾಣುವ ಕಟ್ಟಡದ ಹೆಸರು. ಇಷ್ಟು ಸಿಕ್ಕರೆ ನೀವು ಯಾರು, ಎಲ್ಲಿದ್ದೀರಿ ಅಂತ ಹುಡುಕುವುದು ಕಷ್ಟವಲ್ಲ. ಮನೆಯವರು ಹಿಂದೆ ಓಡಾಡುತ್ತಿದ್ದರೆ ಜಾಗ ಬದಲಿಸಿ, ಅವರೇನೂ ಈ ಕರೆಗೆ ಒಪ್ಪಿ ಬಂದವರಲ್ಲ.

## ಮೊದಲ ಮಾತು ಏನಿರಬೇಕು? ನಾನು ಸುಮ್ನೆ ನೋಡುತ್ತಾ ಕೂತುಬಿಡುತ್ತೇನೆ.

ನಗು, ಕೈ ಬೀಸುವುದು, ನಮಸ್ಕಾರ ಅಥವಾ ಹಲೋ, ‘ನನ್ನ ಮಾತು ಕೇಳಿಸುತ್ತಿದೆಯಾ?’ ಅನ್ನುವ ಪ್ರಶ್ನೆ. ಮೊದಲ ಐದು ಸೆಕೆಂಡಿಗೆ ಇಷ್ಟು ಸಾಕು. ಮಾತಿಲ್ಲದೆ ದಿಟ್ಟಿಸುವುದು ನಾಚಿಕೆಯಿಂದಲೇ ಇರಬಹುದು, ಆದರೆ ಆ ಕಡೆಯವರಿಗೆ ಅದು ಗೊತ್ತಾಗುವುದು ಹೇಗೆ? ನಾಚಿಕೆ ಇದ್ದರೆ ಅದನ್ನೇ ಹೇಳಿ: ‘ಹೊಸಬರ ಜೊತೆ ಮಾತಾಡಲು ನನಗೆ ಸ್ವಲ್ಪ ಹೊತ್ತು ಬೇಕು.’ ಇದನ್ನು ಕೇಳಿ ಬೇಜಾರು ಮಾಡಿಕೊಳ್ಳುವವರು ಕಡಿಮೆ.

ನಂತರ ಯಾಕೆ ಬಂದಿದ್ದೀರಿ ಅಂತ ಒಂದು ಸಾಲಿನಲ್ಲಿ ತಿಳಿಸಿ. ‘ಸ್ಪ್ಯಾನಿಷ್ ಮಾತಾಡಿ ಅಭ್ಯಾಸ ಮಾಡೋಣ ಅಂತ’, ‘ನಿದ್ದೆ ಬರುತ್ತಿಲ್ಲ, ಹರಟೋಣ ಅಂತ’, ‘ಗಿಟಾರ್ ನುಡಿಸಿ ಕೇಳಿಸೋಣ ಅಂತ.’ ಹೀಗೆ ಹೇಳಿದರೆ ಅವರಿಗೂ ಇರಬೇಕೋ ಹೋಗಬೇಕೋ ಅಂತ ತೀರ್ಮಾನ ಮಾಡುವುದು ಸುಲಭ. ಬಾಯಿ ಬಿಟ್ಟ ತಕ್ಷಣ ವಯಸ್ಸೆಷ್ಟು, ಗಂಡೋ ಹೆಣ್ಣೋ, ಯಾವ ಊರು ಅಂತ ಸಾಲಾಗಿ ಕೇಳುವುದು ವಿಚಾರಣೆ ಆಗುತ್ತದೆ. ಅದು ಬೇಡ.

## ಕಣ್ಣು ಎಲ್ಲಿಡಬೇಕು, ಕ್ಯಾಮೆರಾದಲ್ಲೋ ಅವರ ಮುಖದಲ್ಲೋ?

ಎರಡೂ ಕಡೆ, ಹಂಚಿಕೊಂಡು. ನೀವು ಅವರ ಕಣ್ಣನ್ನೇ ನೋಡುತ್ತಿದ್ದರೂ ಕ್ಯಾಮೆರಾ ಮೇಲೆ ಇರುವುದರಿಂದ ಅವರಿಗೆ ನೀವು ಕೆಳಗೆ ನೋಡಿದಂತೆ ಕಾಣುತ್ತದೆ. ಅವರ ವಿಡಿಯೋ ಕಿಟಕಿಯನ್ನು ಚಿಕ್ಕದು ಮಾಡಿ ಕ್ಯಾಮೆರಾ ಪಕ್ಕಕ್ಕೆ ಎಳೆದಿಟ್ಟರೆ ಅರ್ಧ ತೊಂದರೆ ಹೋಯಿತು. ನೀವು ಮಾತಾಡುವಾಗ ಆಗಾಗ ಕ್ಯಾಮೆರಾ ನೋಡಿ, ಅವರು ಮಾತಾಡುವಾಗ ಅವರ ಮುಖ ನೋಡಿ.

ತೆರೆಯಲ್ಲಿ ನಮ್ಮದೇ ಮುಖ ಕಾಣುತ್ತಿದ್ದರೆ ಕಣ್ಣು ಅಲ್ಲಿಗೇ ಓಡುತ್ತದೆ. ವಿಡಿಯೋ ಕರೆಯ ಸುಸ್ತಿನ ಬಗ್ಗೆ ಸ್ಟ್ಯಾನ್‌ಫರ್ಡ್‌ನ ಜೆರೆಮಿ ಬೈಲೆನ್ಸನ್ 2021ರಲ್ಲಿ ಬರೆದಾಗ ಕೊಟ್ಟ ನಾಲ್ಕು ಕಾರಣಗಳಲ್ಲಿ ಇದೂ ಒಂದು, ಇಡೀ ಹೊತ್ತು ನಮ್ಮನ್ನು ನಾವೇ ನೋಡಿಕೊಳ್ಳುತ್ತಾ ಕೂರುವುದು. ಚೌಕಟ್ಟು ಸರಿಯಿದೆ ಅಂತ ಒಮ್ಮೆ ನೋಡಿಕೊಂಡು ಅದನ್ನು ಮರೆಮಾಡಿ. ಇನ್ನೊಂದು, ಅಲ್ಲಿ ಕಾಣುವುದು ಸಾಮಾನ್ಯವಾಗಿ ಕನ್ನಡಿಯ ಥರ ಎಡಬಲ ತಿರುಗಿದ ಚಿತ್ರ. ನೀವು ಹಿಡಿದ ಪುಸ್ತಕದ ಅಕ್ಷರ ನಿಮಗೆ ಉಲ್ಟಾ ಕಂಡರೂ ಅವರಿಗೆ ಸರಿಯಾಗಿಯೇ ಕಾಣುತ್ತಿರುತ್ತದೆ, ಗಾಬರಿಯಾಗಿ ತಿರುಗಿಸಬೇಡಿ.

ಬೇರೆ ಟ್ಯಾಬ್‌ನಲ್ಲಿ ಏನೋ ಓದುತ್ತಾ ‘ಹ್ಞೂಂ ಹ್ಞೂಂ’ ಅನ್ನುವುದು ಬೇಡ. ಕಣ್ಣು ಸಾಲು ಹಿಡಿದು ಓಡುವುದು ಎದುರಿನವರಿಗೆ ಚೆನ್ನಾಗಿ ತಿಳಿಯುತ್ತದೆ.

## ಇಬ್ಬರೂ ಒಟ್ಟಿಗೆ ಮಾತು ಶುರು ಮಾಡುತ್ತೇವೆ, ಆಮೇಲೆ ಇಬ್ಬರೂ ಸುಮ್ಮನಾಗುತ್ತೇವೆ. ಏನು ಮಾಡುವುದು?

ಇದರಲ್ಲಿ ಇಬ್ಬರ ತಪ್ಪೂ ಇಲ್ಲ, ಜಾಲದ ವಿಳಂಬ ಅಷ್ಟೇ. ಎದುರುಬದುರು ಕೂತು ಮಾತಾಡುವಾಗ ಒಬ್ಬರು ನಿಲ್ಲಿಸಿ ಇನ್ನೊಬ್ಬರು ಶುರು ಮಾಡುವ ನಡುವಿನ ಅಂತರ ತುಂಬಾ ಚಿಕ್ಕದು. ಹತ್ತು ಭಾಷೆಗಳ ಮಾತುಕತೆಯನ್ನು ಅಳೆದು 2009ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಅದು ಸರಾಸರಿ 200 ಮಿಲಿಸೆಕೆಂಡಿನ ಆಸುಪಾಸು ಬಂದಿತ್ತು. ಅಂದರೆ ಒಂದು ಸೆಕೆಂಡಿನ ಐದನೇ ಒಂದು ಭಾಗ. ದನಿ ಒಂದು ಕಡೆಯಿಂದ ಇನ್ನೊಂದು ಕಡೆಗೆ ಹೋಗಲು 150 ಮಿಲಿಸೆಕೆಂಡಿಗಿಂತ ಜಾಸ್ತಿ ಹಿಡಿಯದಿದ್ದರೆ ಒಳ್ಳೆಯದು ಅನ್ನುತ್ತದೆ ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟದ ಶಿಫಾರಸು. ಭೂಮಿಯ ಆ ತುದಿಯಲ್ಲಿ ಇರುವವರ ಜೊತೆ, ಅದೂ ಸೋತ ವೈಫೈನಲ್ಲಿ, ಇದು ಸುಲಭವಾಗಿ ದಾಟಿಹೋಗುತ್ತದೆ. ನೀವು ಒಂದು ಪ್ರಶ್ನೆ ಕೇಳಿದಾಗ ಅದು ಅವರನ್ನು ತಲುಪಿ ಉತ್ತರ ವಾಪಸ್ ಬರುವಷ್ಟರಲ್ಲಿ ನಿಮಗೆ ‘ಯಾಕೋ ಸುಮ್ಮನಿದ್ದಾರಲ್ಲ’ ಅನ್ನಿಸಿ ಇನ್ನೊಂದು ಮಾತು ಶುರು ಮಾಡಿರುತ್ತೀರಿ, ಅಷ್ಟರಲ್ಲಿ ಅವರ ಉತ್ತರವೂ ಬಂದು ಬೀಳುತ್ತದೆ.

ಪರಿಹಾರ ಸರಳ. ನಿಮ್ಮ ಮಾತು ಮುಗಿದ ಮೇಲೆ ಮನಸ್ಸಿನಲ್ಲೇ ಎರಡು ಎಣಿಸಿ. ಚಿಕ್ಕ ಚಿಕ್ಕ ವಾಕ್ಯ ಹೇಳಿ. ನಡುವೆ ‘ಹೌದಾ’, ‘ಓಹೋ’ ಅಂತ ದನಿ ಮಾಡುವ ಬದಲು ತಲೆ ಆಡಿಸಿ, ಯಾಕೆಂದರೆ ನಿಮ್ಮ ‘ಓಹೋ’ ತಡವಾಗಿ ತಲುಪಿ ಅವರ ಮುಂದಿನ ವಾಕ್ಯವನ್ನು ಕತ್ತರಿಸುತ್ತದೆ. ಮಾತು ಡಿಕ್ಕಿ ಹೊಡೆದರೆ ‘ನೀವು ಹೇಳಿ’ ಅಂತ ಕೈ ತೋರಿಸಿ. ಇಷ್ಟು ಗೊತ್ತಿದ್ದರೆ ಇನ್ನೊಂದು ಲಾಭ ಇದೆ, ತಡವಾಗಿ ಉತ್ತರಿಸುವವರನ್ನು ದಡ್ಡರು, ಸೊಕ್ಕಿನವರು ಅಂತ ತಪ್ಪು ತಿಳಿಯುವುದಿಲ್ಲ.

## ಇಷ್ಟವಾಗದಿದ್ದರೆ ಏನೂ ಹೇಳದೆ ‘ನೆಕ್ಸ್ಟ್’ ಒತ್ತಬಹುದಾ?

ರ‍್ಯಾಂಡಮ್ ಚಾಟ್‌ನಲ್ಲಿ ಮೊದಲ ಕೆಲವು ಸೆಕೆಂಡಿನಲ್ಲಿ ಒತ್ತಿದರೆ ಯಾರೂ ತಪ್ಪು ತಿಳಿಯುವುದಿಲ್ಲ. ಆ ಜಾಗದ ರೂಢಿಯೇ ಅದು, ಎಲ್ಲರೂ ಅದನ್ನು ಒಪ್ಪಿಯೇ ಬಂದಿರುತ್ತಾರೆ. ಮಾತು ಶುರುವಾಗಿ ಎರಡು ನಿಮಿಷ ದಾಟಿದ್ದರೆ ಲೆಕ್ಕ ಬೇರೆ. ಆಗ ‘ಸರಿ, ನಾನು ಹೊರಡುತ್ತೇನೆ, ಮಾತಾಡಿದ್ದು ಖುಷಿ’ ಅಂತ ಹೇಳಿ ಒತ್ತಿ. ಕಾರಣ ಕೊಡಬೇಕಾಗಿಲ್ಲ. ಸುಳ್ಳು ಕಾರಣ ಹುಡುಕುವುದಂತೂ ಬೇಡವೇ ಬೇಡ. ಮೊದಲೇ ಸಮಯ ಗೊತ್ತು ಮಾಡಿಕೊಂಡು ಭಾಷೆ ಕಲಿಯಲು ಕೂತವರಾದರೆ ಅರ್ಧಕ್ಕೆ ಮಾಯವಾಗುವುದು ನಿಜಕ್ಕೂ ಒರಟುತನ, ಅವರು ತಮ್ಮ ದಿನದಲ್ಲಿ ಒಂದು ಗಂಟೆ ತೆಗೆದಿಟ್ಟಿರುತ್ತಾರೆ.

ಒಂದು ಮಾತ್ರ ಗಟ್ಟಿಯಾಗಿ ಹೇಳುತ್ತೇನೆ. ಎದುರಿನವರು ಅಸಹ್ಯವಾಗಿ ನಡೆದುಕೊಂಡರೆ, ಹೆದರಿಸಿದರೆ, ಬೇಡ ಅಂದಮೇಲೂ ಒತ್ತಾಯ ಮಾಡಿದರೆ, ವಿದಾಯ ಹೇಳುವ ಯಾವ ಸಾಲವೂ ನಿಮ್ಮ ಮೇಲಿಲ್ಲ. ತಕ್ಷಣ ಕಟ್ ಮಾಡಿ. ‘ಛೆ, ಹೇಳದೆ ಹೋದರೆ ಚೆನ್ನಾಗಿರಲ್ಲ’ ಅಂದುಕೊಂಡು ಒಳ್ಳೆಯವರು ಕೂತೇ ಇರುತ್ತಾರೆ, ಕೆಡುಕರು ನಂಬಿರುವುದೂ ಆ ಸಂಕೋಚವನ್ನೇ.

## ನನ್ನನ್ನು ಎಲ್ಲರೂ ಸ್ಕಿಪ್ ಮಾಡುತ್ತಾರೆ. ನನ್ನಲ್ಲೇನು ಕೊರತೆ?

ಹೆಚ್ಚಿನ ಸಲ ನಿಮಗೂ ಅದಕ್ಕೂ ಸಂಬಂಧವೇ ಇರುವುದಿಲ್ಲ. ಅವರು ಹುಡುಕುತ್ತಿರುವುದು ಬೇರೆ ಭಾಷೆಯವರನ್ನು ಇರಬಹುದು, ಬೇರೆ ವಯಸ್ಸಿನವರನ್ನು ಇರಬಹುದು, ಬೆರಳು ಅಭ್ಯಾಸಬಲದಿಂದ ಒತ್ತಿರಬಹುದು. ಬೆಳಕು ಸರಿಯಿದೆಯಾ, ಮುಖ ಪೂರ್ತಿ ಕಾಣುತ್ತಿದೆಯಾ, ಮೈಕ್ ಮ್ಯೂಟ್ ಆಗಿದೆಯಾ ಅಂತ ನೋಡಿ. ಎಲ್ಲ ಸರಿಯಿದ್ದೂ ಮನಸ್ಸು ಕುಗ್ಗುತ್ತಿದ್ದರೆ ಆ ಜಾಗ ನಿಮಗೆ ಒಗ್ಗುತ್ತಿಲ್ಲ ಅಂತ ಅರ್ಥ. ವಿಷಯ ಹಿಡಿದು ಮಾತಾಡುವ ಗುಂಪುಗಳು, ಭಾಷೆ ವಿನಿಮಯದ ಆ್ಯಪ್‌ಗಳು ಇವೆ. ಅಲ್ಲಿ ಮುಖಕ್ಕಿಂತ ಮಾತಿಗೆ ಬೆಲೆ ಜಾಸ್ತಿ.

## ಯಾವುದನ್ನು ಕೇಳಬಾರದು?

ನಿಮ್ಮ ಪ್ರಶ್ನೆಗೆ ಉತ್ತರ ಸಿಕ್ಕರೆ ಅವರನ್ನು ಹುಡುಕಲು ಸಾಧ್ಯವಾಗುತ್ತದೆ ಅಂತಿದ್ದರೆ ಅದನ್ನು ಕೇಳಬೇಡಿ. ಪೂರ್ತಿ ಹೆಸರು, ಓದುವ ಕಾಲೇಜು, ಕೆಲಸದ ಕಚೇರಿ, ಮನೆಯಲ್ಲಿ ಈಗ ಯಾರ‍್ಯಾರಿದ್ದಾರೆ, ಇವೆಲ್ಲ ಅದೇ ಜಾತಿಯ ಪ್ರಶ್ನೆಗಳು. ನೀವು ಮುಗ್ಧವಾಗಿಯೇ ಕೇಳಿರಬಹುದು, ಆದರೆ ಮೋಸಗಾರರು ಕೇಳುವುದೂ ಇದನ್ನೇ, ಹಾಗಾಗಿ ಕೇಳಿಸಿಕೊಳ್ಳುವವರಿಗೆ ವ್ಯತ್ಯಾಸ ತಿಳಿಯುವುದಿಲ್ಲ. ಧರ್ಮ, ಜಾತಿ, ಸಂಬಳ, ಮದುವೆ, ಮೈಬಣ್ಣ, ತೂಕ ಇವುಗಳ ಬಗ್ಗೆ ಅವರಾಗಿ ಮಾತೆತ್ತಿದರೆ ಕೇಳಿಸಿಕೊಳ್ಳಿ, ನೀವಾಗಿ ಕೆದಕಬೇಡಿ.

ಹಾಗಾದರೆ ಮಾತಾಡುವುದೇನು? ಅವರ ಹಿಂದೆ ಕಾಣುವ ವಾದ್ಯ, ತೊಡೆ ಮೇಲೆ ಬಂದು ಕೂತ ಬೆಕ್ಕು, ಈಚೆಗೆ ಓದಿದ ಪುಸ್ತಕ, ಅವರ ಭಾಷೆಯಲ್ಲಿ ಮಳೆಗೆ ಏನನ್ನುತ್ತಾರೆ, ಈಗ ಅಲ್ಲಿ ಹಗಲೋ ರಾತ್ರಿಯೋ. ಉತ್ತರದಿಂದ ಮುಂದಿನ ಪ್ರಶ್ನೆ ಹುಟ್ಟಲಿ. ಅವರು ವಿಷಯ ತಿರುಗಿಸಿದರೆ ನೀವೂ ತಿರುಗಿ. ‘ಯಾಕೆ ಹೇಳಲ್ಲ?’ ಅಂತ ಎರಡನೇ ಸಲ ಕೇಳುವುದೇ ಒತ್ತಾಯ.

## ಅವರ ಭಾಷೆ ನನಗೆ ಅರ್ಧಂಬರ್ಧ ಬರುತ್ತದೆ. ಮಾತಾಡಬಹುದಾ?

ಧಾರಾಳವಾಗಿ. ‘ನಿಧಾನವಾಗಿ ಹೇಳುತ್ತೀರಾ?’ ಅಂತ ಮೊದಲೇ ಕೇಳಿ. ಅರ್ಥವಾಗದಿದ್ದಾಗ ಆಗಿದೆ ಅಂತ ತಲೆ ಆಡಿಸಬೇಡಿ, ಅದರಿಂದ ಮಾತು ಎಲ್ಲೆಲ್ಲಿಗೋ ಹೋಗುತ್ತದೆ. ಪಕ್ಕದಲ್ಲಿರುವ ಬರಹದ ಪೆಟ್ಟಿಗೆ ತೆರೆದಿಟ್ಟು ಗೊತ್ತಾಗದ ಪದವನ್ನು ಟೈಪ್ ಮಾಡಲು ಹೇಳಿ. ಎದುರಿನವರು ನಿಮ್ಮ ಭಾಷೆಯಲ್ಲಿ ತಡವರಿಸುತ್ತಿದ್ದರೆ ಅವರ ವಾಕ್ಯವನ್ನು ನೀವು ಮುಗಿಸಬೇಡಿ, ತಾಳಿ. ಉಚ್ಚಾರಣೆಯನ್ನು ಅಣಕಿಸಿ ನಗಬೇಡಿ. ತಿದ್ದಬಹುದಾ ಅಂತ ಮೊದಲು ಕೇಳಿ, ಒಪ್ಪಿದರೆ ತಿದ್ದಿ, ಪ್ರತಿ ಪದವನ್ನೂ ಅಲ್ಲ. ಸನ್ನೆಗಳ ಮೇಲೂ ನಿಗಾ ಇರಲಿ, ಹೆಬ್ಬೆರಳು ಎತ್ತುವಂಥ ಸಾದಾ ಸನ್ನೆಯೂ ಕೆಲವು ಕಡೆ ಬೈಗುಳ.

## ಸ್ಕ್ರೀನ್‌ಶಾಟ್ ತೆಗೆದುಕೊಂಡರೆ, ರೆಕಾರ್ಡ್ ಮಾಡಿದರೆ ತಪ್ಪಾ? ಅವರಿಗೆ ಗೊತ್ತಾಗುವುದಿಲ್ಲವಲ್ಲ.

ಗೊತ್ತಾಗುವುದಿಲ್ಲ ಅನ್ನುವುದೇ ಅದರ ಕೆಟ್ಟತನ. ಸ್ಕ್ರೀನ್ ರೆಕಾರ್ಡರ್ ಬೇರೆಯೇ ಪ್ರೋಗ್ರಾಂ ಆದ್ದರಿಂದ ಹೆಚ್ಚಿನ ಚಾಟ್ ಸೈಟುಗಳು ಅದನ್ನು ಹಿಡಿಯಲಾರವು. ಅವರು ತಾವು ಒಬ್ಬರ ಹತ್ತಿರ ಮಾತಾಡುತ್ತಿದ್ದೇವೆ ಅಂತ ನಂಬಿ ನಗುತ್ತಾರೆ, ಹಾಡುತ್ತಾರೆ, ಮನೆಯ ದುಃಖ ಹೇಳಿಕೊಳ್ಳುತ್ತಾರೆ. ಅದನ್ನು ತೆಗೆದು ಸಾವಿರ ಜನರ ಮುಂದೆ ಹಾಕಿದರೆ ಆ ನಂಬಿಕೆಯನ್ನು ಕದ್ದಂತೆ. ಮುಖ ಮಸುಕು ಮಾಡಿದರೆ ಸಾಕು ಅನ್ನುವವರಿದ್ದಾರೆ. ಸಾಲದು, ದನಿಯಿಂದಲೂ ಕೋಣೆಯಿಂದಲೂ ಗುರುತು ಸಿಗುತ್ತದೆ.

ಬೇಕೇ ಬೇಕು ಅಂದರೆ ಶುರುವಿನಲ್ಲೇ ಕೇಳಿ: ರೆಕಾರ್ಡ್ ಮಾಡಲಾ, ಎಲ್ಲಿ ಹಾಕುತ್ತೇನೆ, ಯಾರು ನೋಡುತ್ತಾರೆ. ಹೂಂ ಅಂದದ್ದೂ ರೆಕಾರ್ಡ್ ಆಗಲಿ. ಬೇಡ ಅಂದರೆ ಅಲ್ಲಿಗೆ ಬಿಡಿ. ಆಮೇಲೆ ಮನಸ್ಸು ಬದಲಿಸಿ ತೆಗೆಯಿರಿ ಅಂದರೆ ತೆಗೆಯಿರಿ. ಲೈವ್ ಸ್ಟ್ರೀಮ್ ಮಾಡುವವರಿಗೂ ಇದೇ ಮಾತು, ಸ್ಟ್ರೀಮ್‌ನಲ್ಲಿ ಇದ್ದೇವೆ ಅಂತ ಮೊದಲ ವಾಕ್ಯದಲ್ಲೇ ಹೇಳಿ. ಎಲ್ಲರ ಒಪ್ಪಿಗೆ ಇಲ್ಲದೆ ಮಾತುಕತೆ ರೆಕಾರ್ಡ್ ಮಾಡುವುದು ಎಷ್ಟೋ ಕಡೆ ಕಾನೂನಿನ ಪ್ರಕಾರವೇ ಅಪರಾಧ, ನಿಮ್ಮಲ್ಲಿ ಇಲ್ಲದಿದ್ದರೂ ಅವರಿರುವ ಕಡೆ ಇರಬಹುದು.

ಇದರ ಇನ್ನೊಂದು ಮುಖವನ್ನೂ ಮರೆಯಬೇಡಿ. ನೀವು ಎಷ್ಟೇ ಒಳ್ಳೆಯವರಾದರೂ ಅವರು ರೆಕಾರ್ಡ್ ಮಾಡುತ್ತಿಲ್ಲ ಅನ್ನುವುದಕ್ಕೆ ಗ್ಯಾರಂಟಿ ಇಲ್ಲ. ನಾಳೆ ಹೊರಗೆ ಬಂದರೆ ತೊಂದರೆ ಅನ್ನಿಸುವುದನ್ನು ಕ್ಯಾಮೆರಾ ಮುಂದೆ ಮಾಡಬೇಡಿ.

## ಗೆಳೆಯರೆಲ್ಲ ಸೇರಿ ಒಂದು ಕ್ಯಾಮೆರಾ ಮುಂದೆ ಕೂರಬಹುದಾ?

ಕೂರಬಹುದು, ಎಲ್ಲರೂ ಚೌಕಟ್ಟಿನ ಒಳಗೆ ಕಾಣುತ್ತಿದ್ದರೆ. ಒಬ್ಬರು ಕಂಡು ನಾಲ್ಕು ಜನ ಮರೆಯಲ್ಲಿ ಕಿಸಿಕಿಸಿ ನಗುವುದು ಹೇಡಿತನ. ಆ ಕಡೆ ಒಬ್ಬರೇ ಇರುವಾಗ ಈ ಕಡೆಯ ಗುಂಪು ತಾನಾಗಿಯೇ ಬಲ ಆಗಿಬಿಡುತ್ತದೆ, ನೀವು ಏನೂ ಮಾಡದಿದ್ದರೂ. ಆದ್ದರಿಂದ ಒಬ್ಬೊಬ್ಬರಾಗಿ ಮಾತಾಡಿ, ನಿಮ್ಮೊಳಗೆ ಅವರಿಗೆ ತಿಳಿಯದ ಭಾಷೆಯಲ್ಲಿ ಏನಾದರೂ ಆಡಿ ನಕ್ಕರೆ ಏನಂದಿರಿ ಅಂತ ಅವರಿಗೂ ತಿಳಿಸಿ. ತಿಳಿಸಲು ಆಗದ ಮಾತಾಗಿದ್ದರೆ ಆಡಬೇಡಿ.

## ನಾನು ಕ್ಯಾಮೆರಾ ಆಫ್ ಇಟ್ಟು ಅವರನ್ನು ನೋಡಬಹುದಾ? ಫಿಲ್ಟರ್ ಹಾಕಿದರೆ?

ಕ್ಯಾಮೆರಾ ಆನ್ ಮಾಡಲು ಇಷ್ಟವಿಲ್ಲ ಅಂದರೆ ಬರಹದ ಚಾಟ್ ಇದೆ, ಬರೀ ದನಿಯ ಚಾಟ್ ಇದೆ. ವಿಡಿಯೋ ಜಾಗಕ್ಕೆ ಬಂದು ತಾನು ಮರೆಯಲ್ಲಿದ್ದು ಇನ್ನೊಬ್ಬರನ್ನು ನೋಡುವುದು ಸಮ ಅಲ್ಲ. ನೆಟ್ ಸೋತು ವಿಡಿಯೋ ನಿಲ್ಲಿಸಬೇಕಾದರೆ ಹೇಳಿ ನಿಲ್ಲಿಸಿ, ‘ನೀವೂ ಆಫ್ ಮಾಡಿಕೊಳ್ಳಿ ಬೇಕಾದರೆ’ ಅನ್ನಿ.

ಫಿಲ್ಟರ್‌ನಲ್ಲಿ ನಾಯಿಯ ಕಿವಿ ಅಂಟಿಸಿಕೊಂಡರೆ ಯಾರೂ ಮೋಸ ಹೋಗುವುದಿಲ್ಲ. ವಯಸ್ಸು, ಮುಖ, ಲಿಂಗ ಬದಲಿಸಿ ನಂಬಿಸುವುದು ಮೋಸ. ಕ್ಯಾಮೆರಾ ಬದಲು ಮೊದಲೇ ಚಿತ್ರೀಕರಿಸಿಟ್ಟ ವಿಡಿಯೋ ಓಡಿಸುವ ತಂತ್ರಾಂಶಗಳು ಬಹಳ ಕಾಲದಿಂದ ಇವೆ, ಈಗ ನಡೆಯುತ್ತಿರುವ ಕರೆಯಲ್ಲೇ ಮುಖ ಬದಲಿಸುವ ಡೀಪ್‌ಫೇಕ್ ಕೂಡ ಬಂದಿದೆ. ಹಾಂಗ್‌ಕಾಂಗ್‌ನಲ್ಲಿ ಒಂದು ಕಂಪನಿಯ ನೌಕರರೊಬ್ಬರು ಇಂಥ ನಕಲಿ ಸಹೋದ್ಯೋಗಿಗಳಿದ್ದ ವಿಡಿಯೋ ಮೀಟಿಂಗ್ ನಂಬಿ ಸುಮಾರು 20 ಕೋಟಿ ಹಾಂಗ್‌ಕಾಂಗ್ ಡಾಲರ್ ಕಳಿಸಿದ ಸುದ್ದಿ 2024ರ ಶುರುವಿನಲ್ಲಿ ಹೊರಬಂತು. ಅದು ಗುರುತಿನವರ ಮುಖ, ಇಲ್ಲಿ ಗುರುತೇ ಇಲ್ಲ. ಸಂಶಯ ಬಂದರೆ ‘ಸ್ವಲ್ಪ ಕೈ ಬೀಸುತ್ತೀರಾ, ಪಕ್ಕಕ್ಕೆ ತಿರುಗುತ್ತೀರಾ’ ಅಂತ ಕೇಳುವುದರಲ್ಲಿ ತಪ್ಪಿಲ್ಲ. ಹಾಗೆ ಯಾರಾದರೂ ನಿಮ್ಮನ್ನು ಕೇಳಿದರೆ ಮುಖ ಗಂಟು ಹಾಕಿಕೊಳ್ಳದೆ ಕೈ ಬೀಸಿ. ಕೈ ಬೀಸಿದರು ಅಂದ ಮಾತ್ರಕ್ಕೆ ದುಡ್ಡು ಕಳಿಸುವಷ್ಟು ನಂಬಲೂಬೇಡಿ.

## ಚೆನ್ನಾಗಿದ್ದೀರಿ ಅಂತ ಹೊಗಳಬಹುದಾ?

ಒಂದು ಸಲ, ಮಾತು ಸ್ವಲ್ಪ ಮುಂದುವರಿದ ಮೇಲೆ, ದೇಹದ ಬಗ್ಗೆ ಅಲ್ಲದೆ. ‘ನೀವು ಕತೆ ಹೇಳುವ ರೀತಿ ಚೆನ್ನಾಗಿದೆ’ ಅಂದರೆ ಯಾರಿಗೂ ಮುಜುಗರ ಆಗುವುದಿಲ್ಲ. ಹುಡುಗಿಯರಿಗೆ ಇಲ್ಲಿ ಪ್ರತಿ ಎರಡನೇ ಕರೆಯೂ ರೂಪದ ಮಾತಿನಿಂದಲೇ ಶುರುವಾಗುತ್ತದೆ ಅನ್ನುವಂತೆ ಆಗಿದೆ, ಅದು ಎಷ್ಟು ಬೇಸರ ತರಿಸುತ್ತದೆ ಅಂತ ಅವರನ್ನೇ ಕೇಳಿ ನೋಡಿ. ‘ಎದ್ದು ನಿಂತು ತೋರಿಸು’, ‘ಕೂದಲು ಬಿಚ್ಚು’ ಥರದ ಅಪ್ಪಣೆಗಳು ಹೊಗಳಿಕೆ ಅಲ್ಲವೇ ಅಲ್ಲ. ನಗು ಬಂತು ಅಂದರೆ ಒಪ್ಪಿಗೆ ಅಂತಲೂ ಅಲ್ಲ, ಹೆದರಿದಾಗಲೂ ಜನ ನಗುತ್ತಾರೆ.

## ಅವರು ಇದ್ದಕ್ಕಿದ್ದಂತೆ ಬಟ್ಟೆ ಬಿಚ್ಚಿದರು. ಏನು ಮಾಡಲಿ?

ಕಟ್ ಮಾಡಿ, ರಿಪೋರ್ಟ್ ಮಾಡಿ. ಬೈಯುತ್ತಾ ಕೂರಬೇಡಿ, ಕೆಲವರಿಗೆ ಆ ಗಾಬರಿಯನ್ನು ನೋಡುವುದೇ ಬೇಕಾಗಿರುತ್ತದೆ. ರಿಪೋರ್ಟ್ ಗುಂಡಿ ಎಲ್ಲಿದೆ ಅಂತ ಸೈಟಿಗೆ ಹೊಸದಾಗಿ ಬಂದಾಗಲೇ ನೋಡಿಟ್ಟುಕೊಳ್ಳಿ, ಆ ಹೊತ್ತಿನಲ್ಲಿ ಹುಡುಕಲು ಆಗುವುದಿಲ್ಲ. ಅಂಥ ಗುಂಡಿಯೇ ಇಲ್ಲದ ಸೈಟ್ ಆದರೆ ಬಿಟ್ಟುಬಿಡಿ.

## ನನ್ನ ವಿಡಿಯೋ ಇದೆ, ದುಡ್ಡು ಕೊಡು ಅಂತ ಹೆದರಿಸುತ್ತಿದ್ದಾರೆ.

ದುಡ್ಡು ಕೊಡಬೇಡಿ. ಒಮ್ಮೆ ಕೊಟ್ಟರೆ ಇವರು ಕೊಡುತ್ತಾರೆ ಅಂತ ಗೊತ್ತಾಗಿ ಮತ್ತೆ ಕೇಳುತ್ತಾರೆ. ಅವರ ಸಂದೇಶ, ಖಾತೆಯ ಹೆಸರು, ಹಣ ಕೇಳಿದ ವಿವರ ಎಲ್ಲವನ್ನೂ ಉಳಿಸಿಕೊಂಡು ಉತ್ತರ ಕೊಡುವುದು ನಿಲ್ಲಿಸಿ. ಸಾಕ್ಷಿ ಉಳಿಸುವ ಮುಂಚೆ ಖಾತೆ ಅಳಿಸಬೇಡಿ. ಪೊಲೀಸರಿಗೆ ಅಥವಾ ಸೈಬರ್ ಅಪರಾಧದ ದೂರು ತೆಗೆದುಕೊಳ್ಳುವವರಿಗೆ ತಿಳಿಸಿ, ಮನೆಯಲ್ಲೋ ಗೆಳೆಯರಲ್ಲೋ ನಂಬುವ ಒಬ್ಬರಿಗೆ ಇವತ್ತೇ ಹೇಳಿ. ಈ ಬೆದರಿಕೆ ನಡೆಯುವುದೇ ನೀವು ಯಾರಿಗೂ ಹೇಳುವುದಿಲ್ಲ ಅನ್ನುವ ಲೆಕ್ಕದ ಮೇಲೆ.

ಚಿತ್ರ ಹರಡುವುದನ್ನು ತಡೆಯಲು ಸಹಾಯ ಇದೆ. 18 ದಾಟಿದವರಿಗೆ ಸ್ಟಾಪ್ ಎನ್‌ಸಿಐಐ ಅನ್ನುವ ಉಚಿತ ಸೇವೆ, 2021ರಿಂದ ಇದೆ. ಘಟನೆ ನಡೆದಾಗ 18 ಆಗಿರದಿದ್ದವರಿಗೆ ಟೇಕ್ ಇಟ್ ಡೌನ್ ಇದೆ, ಅದು ಶುರುವಾದದ್ದು 2023ರಲ್ಲಿ. ಎರಡೂ ಕೆಲಸ ಮಾಡುವ ರೀತಿ ಒಂದೇ: ಚಿತ್ರವನ್ನು ನೀವು ಎಲ್ಲಿಗೂ ಕಳಿಸುವುದಿಲ್ಲ, ನಿಮ್ಮ ಫೋನಿನಲ್ಲೇ ಅದರಿಂದ ಒಂದು ಅಂಕಿಯ ಗುರುತು ತಯಾರಾಗಿ ಅದು ಮಾತ್ರ ಹೋಗುತ್ತದೆ, ಸೇವೆಗೆ ಸೇರಿರುವ ಸಾಮಾಜಿಕ ಜಾಲಗಳು ಆ ಗುರುತಿಗೆ ಹೊಂದುವ ಚಿತ್ರವನ್ನು ಹುಡುಕಿ ತೆಗೆಯಲು ಅದನ್ನು ಬಳಸುತ್ತವೆ.

ಇದರಲ್ಲಿ ನಾಚಿಕೆ ಪಡಬೇಕಾದವರು ಹೆದರಿಸಿದವರು, ನೀವಲ್ಲ.

## ಎದುರಿಗೆ ಚಿಕ್ಕ ಹುಡುಗನೋ ಹುಡುಗಿಯೋ ಬಂದರೆ?

ಮಾತು ಮುಂದುವರಿಸಬೇಡಿ. ‘ಇದು ದೊಡ್ಡವರ ಜಾಗ, ನಾನು ಕಟ್ ಮಾಡುತ್ತೇನೆ’ ಅಂತ ಮೆತ್ತಗೆ ಹೇಳಿ ಹೊರಬನ್ನಿ, ಸೈಟಿಗೆ ರಿಪೋರ್ಟ್ ಮಾಡಿ. ಬುದ್ಧಿ ಹೇಳುತ್ತಾ ಕೂತುಕೊಳ್ಳುವುದೂ ಬೇಡ, ಒಳ್ಳೆಯ ಮನಸ್ಸಿನವರ ಜೊತೆ ಮಾತಾಡಿ ಅಭ್ಯಾಸವಾದ ಮಗು ಮುಂದಿನ ಕರೆಯಲ್ಲಿ ಬಂದವರನ್ನೂ ಹಾಗೇ ನಂಬುತ್ತದೆ. ವಯಸ್ಸಿನ ಬಗ್ಗೆ ಅನುಮಾನ ಇದ್ದರೆ ಚಿಕ್ಕವರು ಅಂತಲೇ ತಿಳಿಯಿರಿ.

ಇದು ಎಷ್ಟು ಗಂಭೀರ ಅನ್ನುವುದಕ್ಕೆ ಒಮೆಗಲ್ ಅನ್ನುವ ಅಪರಿಚಿತರ ಚಾಟ್ ಸೈಟಿನ ಕತೆ ಸಾಕು. ಲೀಫ್ ಕೆ-ಬ್ರೂಕ್ಸ್ ತನ್ನ 18ನೇ ವಯಸ್ಸಿನಲ್ಲಿ, 2009ರಲ್ಲಿ ಅದನ್ನು ಶುರು ಮಾಡಿದರು, ಮರುವರ್ಷ ವಿಡಿಯೋ ಬಂತು. ಅದೇ 2009ರ ಕೊನೆಗೆ ಮಾಸ್ಕೋದ 17ರ ಹುಡುಗ ಆಂಡ್ರೆ ಟೆರ್ನೋವ್‌ಸ್ಕಿ ಚಾಟ್‌ರೂಲೆಟ್ ಅನ್ನುವ ಅಂಥದ್ದೇ ಸೈಟ್ ತಂದಿದ್ದರು. ಇವೆರಡೂ ಜನಪ್ರಿಯವಾದಷ್ಟೇ ಬೇಗ ಅಸಹ್ಯ ತೋರಿಸುವವರ ಕಾಟಕ್ಕೂ ಹೆಸರಾದವು. 2014ರಲ್ಲಿ 11 ವರ್ಷದ ಹುಡುಗಿಯೊಬ್ಬಳಿಗೆ ಒಮೆಗಲ್‌ನಲ್ಲಿ ಜೊತೆಯಾದ ದೊಡ್ಡ ಗಂಡಸು ವರ್ಷಗಟ್ಟಲೆ ಅವಳನ್ನು ಪೀಡಿಸಿದ. ಅವಳು ದೊಡ್ಡವಳಾಗಿ ಕಂಪನಿ ಮೇಲೆ ಹಾಕಿದ ಕೇಸು ರಾಜಿಯಲ್ಲಿ ಮುಗಿದು, 2023ರ ನವೆಂಬರ್‌ನಲ್ಲಿ ಒಮೆಗಲ್ ಬಾಗಿಲು ಮುಚ್ಚಿತು. ಸೈಟಿನ ಹೆಸರು ಬದಲಾದರೂ ಅಪಾಯ ಅದೇ. ಮನೆಯಲ್ಲಿ ಮಕ್ಕಳಿದ್ದರೆ ನಿಮ್ಮ ಫೋನಿನಲ್ಲಿ ಲಾಗಿನ್ ಆಗಿರುವ ಚಾಟ್ ಆ್ಯಪ್ ಅವರ ಕೈಗೆ ಸಿಗದಂತೆ ನೋಡಿಕೊಳ್ಳುವುದು ನಿಮ್ಮ ಕೆಲಸ.

## ‘ನೀನು ಎಲ್ಲಿದ್ದೀಯ ಅಂತ ನನಗೆ ಗೊತ್ತು’ ಅಂತ ಒಬ್ಬರು ನನ್ನ ಊರಿನ ಹೆಸರು ಹೇಳಿದರು. ಹೇಗೆ?

ಐಪಿ ವಿಳಾಸದಿಂದ, ಅಂದರೆ ಇಂಟರ್ನೆಟ್‌ನಲ್ಲಿ ನಿಮ್ಮ ಸಂಪರ್ಕಕ್ಕೆ ಇರುವ ಅಂಕಿಯ ವಿಳಾಸದಿಂದ. ಎಷ್ಟೋ ಸೈಟುಗಳಲ್ಲಿ ವಿಡಿಯೋ ನಡುವಿನ ಸರ್ವರ್‌ಗೆ ಹೋಗದೆ ಇಬ್ಬರ ಸಾಧನಗಳ ನಡುವೆ ನೇರವಾಗಿ ಹರಿಯುತ್ತದೆ, ಆಗ ಒಬ್ಬರ ಐಪಿ ವಿಳಾಸ ಇನ್ನೊಬ್ಬರಿಗೆ ಸಿಗುತ್ತದೆ. ಅದರಿಂದ ಊರು ಅಂದಾಜಾಗಿ, ಇಂಟರ್ನೆಟ್ ಕೊಡುವ ಕಂಪನಿ ಯಾವುದು ಅಂತ ತಿಳಿಯುತ್ತದೆ. ಮನೆ ಬಾಗಿಲು ತಿಳಿಯುವುದಿಲ್ಲ. ಹೆದರದೆ ಕಟ್ ಮಾಡಿ. ನಿಮ್ಮ ಸಂಪರ್ಕವನ್ನು ಬೇರೊಂದು ಸರ್ವರ್ ಮೂಲಕ ಕಳಿಸುವ ವಿಪಿಎನ್ ಹಾಕಿದರೆ ಸಾಮಾನ್ಯವಾಗಿ ನಿಜವಾದ ಐಪಿ ಮರೆಯಾಗುತ್ತದೆ.

ಇದನ್ನು ತಮಾಷೆ ಅಂತ ಮಾಡುವವರಿಗೆ ಒಂದು ಮಾತು. ಒಬ್ಬರೇ ಕೂತಿರುವವರಿಗೆ, ಅದರಲ್ಲೂ ರಾತ್ರಿ ಹೊತ್ತು, ಗುರುತಿಲ್ಲದವರು ತಮ್ಮ ಊರಿನ ಹೆಸರು ಹೇಳಿದರೆ ಎದೆ ಧಸಕ್ಕೆನ್ನುತ್ತದೆ. ದಯವಿಟ್ಟು ಬಿಟ್ಟುಬಿಡಿ.

## ಕಿವಿ ಕೇಳಿಸದವರು ಸಿಕ್ಕಿದರೆ ಮಾತಾಡುವುದು ಹೇಗೆ?

ಕಟ್ ಮಾಡಿ ಹೋಗಬೇಡಿ, ಅವರಿಗೆ ಇದು ಎಷ್ಟು ಸಲ ಆಗಿರುತ್ತದೋ. ಟೈಪ್ ಮಾಡಿ ಕೇಳಿ, ಅವರಿಗೆ ಯಾವುದು ಅನುಕೂಲ ಅಂತ. ತುಟಿ ನೋಡಿ ತಿಳಿಯುವವರಾದರೆ ಬೆಳಕು ನಿಮ್ಮ ಮುಖದ ಮೇಲಿರಲಿ, ಬಾಯಿಗೆ ಕೈ ಅಡ್ಡ ಬರದಿರಲಿ, ಮಾಮೂಲಿ ವೇಗದಲ್ಲಿ ಸ್ಪಷ್ಟವಾಗಿ ಹೇಳಿ. ಸನ್ನೆ ಭಾಷೆ ಬಲ್ಲವರಾದರೆ ಸ್ವಲ್ಪ ಹಿಂದೆ ಸರಿದು ತಲೆಯಿಂದ ಸೊಂಟದವರೆಗೆ ಕಾಣುವಂತೆ ಕೂರಿ, ಕೈ ಚೌಕಟ್ಟಿನಿಂದ ಹೊರಗೆ ಹೋದರೆ ಅರ್ಧ ಪದ ಕಳೆದಂತೆ. ಸನ್ನೆ ಭಾಷೆಯೂ ದೇಶದಿಂದ ದೇಶಕ್ಕೆ ಬೇರೆ. ಅಮೆರಿಕ ಮತ್ತು ಬ್ರಿಟನ್ ಎರಡರಲ್ಲೂ ಮಾತು ಇಂಗ್ಲಿಷ್ ಆದರೂ ಸನ್ನೆ ಭಾಷೆಗಳು ಒಂದಕ್ಕೊಂದು ಸಂಬಂಧವಿಲ್ಲದವು. ಕಣ್ಣು ಕಾಣದವರು ಸಿಕ್ಕರೆ ಏನು ತೋರಿಸುತ್ತಿದ್ದೀರೋ ಅದನ್ನು ಬಾಯಲ್ಲೂ ಹೇಳಿ.

## ಮಾತಾಡುತ್ತಾ ಅವರು ಅಳಲು ಶುರು ಮಾಡಿದರು. ಬದುಕು ಸಾಕು ಅಂದರು.

ಓಡಿಹೋಗಬೇಡಿ, ವಾದ ಮಾಡಬೇಡಿ. ಕೇಳಿಸಿಕೊಳ್ಳಿ. ‘ಸಾಯುವ ಯೋಚನೆ ಬರುತ್ತಿದೆಯಾ?’ ಅಂತ ನೇರವಾಗಿ ಕೇಳಿದರೆ ಇಲ್ಲದ ಯೋಚನೆ ಹುಟ್ಟುತ್ತದೆ ಅನ್ನುವುದು ತಪ್ಪು ನಂಬಿಕೆ, ಕೇಳಿದರೆ ಅವರಿಗೆ ಹೇಳಿಕೊಳ್ಳಲು ದಾರಿ ಆಗುತ್ತದೆ. ಈಗ ಪಕ್ಕದಲ್ಲಿ ಯಾರಿದ್ದಾರೆ, ಯಾರಿಗೆ ಫೋನ್ ಮಾಡಬಹುದು ಅಂತ ಕೇಳಿ. ಅವರ ದೇಶದ ಸಹಾಯವಾಣಿ ಸಂಖ್ಯೆ ಹುಡುಕಿ ಬರಹದ ಪೆಟ್ಟಿಗೆಯಲ್ಲಿ ಹಾಕಿ, ಅವರು ಕರೆ ಮಾಡುವಾಗ ನೀವು ಆನ್‌ಲೈನ್‌ನಲ್ಲೇ ಇರಿ. ಈಗಲೇ ಏನಾದರೂ ಮಾಡಿಕೊಳ್ಳುವಂತಿದ್ದರೆ ಅಲ್ಲಿಯ ತುರ್ತು ಸೇವೆಗೆ ಮತ್ತು ಸೈಟಿನವರಿಗೆ ತಿಳಿಸಿ. ಕರೆ ಮುಗಿದ ಮೇಲೆ ನಿಮ್ಮ ಮನಸ್ಸೂ ಭಾರವಾಗಿರುತ್ತದೆ, ಅದನ್ನು ಒಬ್ಬರ ಹತ್ತಿರ ಹೇಳಿಕೊಳ್ಳಿ. ಹೆಸರು ಗುರುತು ಬಿಟ್ಟು.

## ಮಾತು ತುಂಬಾ ಚೆನ್ನಾಗಿ ನಡೆಯಿತು. ನಂಬರ್ ಕೇಳಬಹುದಾ?

ಕೇಳುವ ಬದಲು ಕೊಡಿ. ‘ಮತ್ತೆ ಮಾತಾಡಬೇಕು ಅನ್ನಿಸಿದರೆ ಇದು ನನ್ನ ಐಡಿ’ ಅಂತ ಟೈಪ್ ಮಾಡಿದರೆ ತೀರ್ಮಾನ ಅವರ ಕೈಯಲ್ಲಿ ಉಳಿಯುತ್ತದೆ, ಇಲ್ಲ ಅನ್ನುವ ಮುಜುಗರವೂ ಅವರಿಗಿಲ್ಲ. ಕೊಡುವುದು ಫೋನ್ ನಂಬರ್ ಬೇಡ, ಬೇಕಾದಾಗ ಬ್ಲಾಕ್ ಮಾಡಲು, ಬಿಟ್ಟುಬಿಡಲು ಆಗುವ ಖಾತೆ ಇರಲಿ, ನಿಜ ಹೆಸರು ಇಲ್ಲದ್ದು. ಅವರು ಸಂದೇಶ ಕಳಿಸಲಿಲ್ಲ ಅಂದರೆ ಹುಡುಕಿಕೊಂಡು ಹೋಗಬೇಡಿ. ಒಂದು ಒಳ್ಳೆಯ ಅರ್ಧ ಗಂಟೆ ಇಬ್ಬರಿಗೂ ಸಿಕ್ಕಿತು, ಅವರಿಗೆ ಅಷ್ಟೇ ಬೇಕಿದ್ದಿರಬಹುದು.